ನಿರ್ದೇಶಕರ ಹೆಸರಿನ ಜಿಗಿಹುಳು

“‘ಹಣೆ ಚಪ್ಪಟೆ’ ಅಂತ ಯಾಕ್ರೀ ಬರೆದಿದ್ದೀರಿ?” ನಿರ್ದೇಶಕರು ಕೆಂಪು ಪೆನ್ನಿನಿಂದ ಹಾಳೆಯ ಮೇಲೆ ಕುಟ್ಟಿದರು. “‘ವಿಶಾಲವಾದ ಹಣೆ’ ಅಂತ ಮಾಡಿ.”

ಕೀಟ ವಿಭಾಗದ ಸಂಶೋಧಕಿ ಹಾಳೆಯತ್ತ ಬಗ್ಗಿ ನೋಡಿದಳು. ಹಣೆ ನಿರ್ದೇಶಕರದ್ದಲ್ಲ, ಹುಳದ್ದು. ಅಕ್ಕಿ ಕಾಳಿಗಿಂತ ಚಿಕ್ಕದಾದ, ಎಲೆಯ ರಸ ಹೀರಿ ಟಣ್ಣನೆ ಹಾರಿಹೋಗುವ ಜಿಗಿಹುಳುವಿನದು. ಲೋಕ ಇದುವರೆಗೆ ಕಾಣದ ಈ ಜಾತಿಗಾಗಿ ಅವಳು ಬಲೆ ಹಿಡಿದು ವರ್ಷಗಟ್ಟಲೆ ಪೊದೆ ಪೊದೆ ತಡಕಾಡಿದ್ದಳು. ಹೊಸ ಜಾತಿಗೆ ಕಂಡುಹಿಡಿದವರು ತಮ್ಮದೇ ಹೆಸರಿಟ್ಟುಕೊಳ್ಳುವುದು ಈ ವೃತ್ತಿಯಲ್ಲಿ ಮರ್ಯಾದೆಯಲ್ಲ, ಬೇರೆಯವರದ್ದು ಇಡಬಹುದು. ನಿವೃತ್ತಿಯ ಹೊಸ್ತಿಲಲ್ಲಿದ್ದ ನಿರ್ದೇಶಕರಿಗೆ ಅಷ್ಟು ಸಾಕಾಯಿತು. ಕಲ್ಲುಗಳ ಬಗ್ಗೆ ಓದಿಕೊಂಡು ಬಂದ ಅವರಿಗೆ ಹುಳದ ಗಂಧಗಾಳಿ ಇರಲಿಲ್ಲ. ಆದರೆ ಅವರ ಸಹಿ ಇಲ್ಲದೆ ಯಾವ ಲೇಖನವೂ ಆ ಸಂಶೋಧನಾ ಸಂಸ್ಥೆಯ ಮೆಟ್ಟಿಲಿಳಿಯುವಂತಿರಲಿಲ್ಲ. ಹೆಸರು ಅವರದ್ದೇ ಆಯಿತು.

ಆಗಿದ್ದೇ ತಡ, ಹುಳದ ವರ್ಣನೆ ಅವರ ಭಾವಚಿತ್ರವಾಗಿಬಿಟ್ಟಿತು.

“‘ಮಂಕು ಹಳದಿ’ ಬೇಡ, ‘ಹೊಂಬಣ್ಣ’. ಇದೇನಿದು, ‘ಅಡ್ಡಡ್ಡ ಓಡುತ್ತದೆ’? ನಾನ್ಯಾವತ್ತು ಓಡಿದ್ದೀನಿ?”

“ಹುಳ ಓಡೋದು ಸರ್. ನೆರಳು ಬಿದ್ರೆ ಸಾಕು, ಅಡ್ಡಡ್ಡ ಓಡಿ ಎಲೆ ಹಿಂದೆ ಅವಿತುಕೊಳ್ಳುತ್ತೆ.”

“ನನ್ನ ಕುರ್ಚಿಗೆ ಟವೆಲ್ ಹಾಕಿ ಕೂತಿದ್ದಾನಲ್ಲ ಉಪನಿರ್ದೇಶಕ, ಅವನು ಓದಿ ನಗಲಿ ಅಂತಾನಾ? ‘ಗಂಭೀರವಾಗಿ ನಡೆಯುತ್ತದೆ’ ಅಂತ ಬರೀರಿ.”

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಗಂಭೀರವಾಗಿ ನಡೆಯುವ ಜಿಗಿಹುಳು! ಇದನ್ನೋದಿ ನಾಳೆ ಯಾವ ಪುಣ್ಯಾತ್ಮ ಆ ಹುಳವನ್ನು ಗುರುತು ಹಿಡಿದಾನು? ವಿಜ್ಞಾನ ಪತ್ರಿಕೆಯವರು ಲೇಖನವನ್ನು ಮುಖಕ್ಕೆ ಎಸೆಯುತ್ತಾರೆ, ಇಷ್ಟು ವರ್ಷದ ದುಡಿಮೆ ಮಣ್ಣುಪಾಲು. ಎದುರಾಡಿದರೆ ಸಹಿ ಇಲ್ಲ. ಹಲ್ಲು ಕಚ್ಚಿಕೊಂಡು ಕೂತಿದ್ದವಳಿಗೆ ಫಕ್ಕನೆ ಏನೋ ಹೊಳೆಯಿತು. ಏನೂ ಅರಿಯದವಳ ಹಾಗೆ ಒಂದು ದೊಡ್ಡ ಹಾಳೆ ತೆಗೆದು ಮೇಜಿನ ಮೇಲೆ ಹರಡಿದಳು.

“ಎಲ್ಲಾ ತಿದ್ತೀನಿ ಸರ್. ಮುಖ್ಯವಾದ ಚಿತ್ರ ಇದು, ಇದನ್ನೊಂದು ನೋಡಿಬಿಡಿ. ಇಡೀ ಪುಟಕ್ಕೆ ಬರುತ್ತೆ. ಕೆಳಗೆ ದಪ್ಪ ಅಕ್ಷರದಲ್ಲಿ ನಿಮ್ಮ ಹೆಸರು.”

ನಿರ್ದೇಶಕರ ಮುಖ ಅರಳಿತು. “ಭೇಷ್! ಕೊಕ್ಕೆ ಥರ ಇದೆಯಲ್ಲ, ಏನಿದು, ಮೀಸೆನಾ?”

“ಅಲ್ಲ ಸರ್. ಹೊರಗಿಂದ ನೋಡಿದ್ರೆ ಜಿಗಿಹುಳುಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ. ಯಾವ ಜಾತಿ ಅಂತ ಖಾತ್ರಿಯಾಗೋದು ಗಂಡಿನ ಗುಪ್ತಾಂಗದಿಂದ. ಅದಕ್ಕೇ ಕತ್ತರಿಸಿ, ಬೇಯಿಸಿ, ನೂರು ಪಟ್ಟು ದೊಡ್ಡದು ಮಾಡಿ ಬರೆದಿದ್ದೀನಿ. ಇನ್ಮೇಲೆ ನಿಮ್ಮ ಹೆಸರು ಬಂದಾಗೆಲ್ಲ ಪ್ರಪಂಚದ ತಜ್ಞರು ಮೊದಲು ನೋಡೋದು ಇದನ್ನೇ. ಬೀಳ್ಕೊಡುಗೆ ದಿನ ಫ್ರೇಮ್ ಹಾಕಿಸಿ ಕೊಡೋಣ ಅಂತಿದ್ದೀವಿ.”

ನಿರ್ದೇಶಕರು ಬಾಗಿಲು ಮುಚ್ಚಿದೆಯೇ ಎಂದು ನೋಡಿದರು. “ಅವತ್ತು ನಮ್ಮ ಮನೆಯವಳು, ಸೊಸೆ, ಬೀಗರು ಎಲ್ಲಾ ಬರ್ತಾರಲ್ರೀ!”

ಕೆಂಪು ಪೆನ್ನು ತಮ್ಮ ಹೆಸರಿನ ಮೇಲೆಯೇ ಪರಪರ ಓಡಿತು. ಮರುಗಳಿಗೆ ಸಹಿಯೂ ಬಿತ್ತು.

“ಉಪನಿರ್ದೇಶಕನ ಹೆಸರಿಡಿ. ಪಾಪ, ಅವನಿಗೂ ಒಂದಿಷ್ಟು ಕೀರ್ತಿ ಬರಲಿ.”

ಸದ್ಯ, ಬದುಕಿದೆ ಎಂದುಕೊಂಡು ಅವಳು ಹಾಳೆಗಳನ್ನು ಬಾಚಿಕೊಂಡು ಬಾಗಿಲಿನವರೆಗೆ ಹೋಗಿದ್ದಳು. ನಿರ್ದೇಶಕರು ಮತ್ತೆ ಕರೆದರು.

“ಚಪ್ಪಟೆ ಹಣೆ, ಮಂಕು ಹಳದಿ, ಅಡ್ಡಡ್ಡ ಓಟ, ಎಲ್ಲಾ ನೀವು ಬರೆದ ಹಾಗೇ ಇರಲಿ. ಚಿತ್ರ ಮಾತ್ರ ಅವನಿಗೆ ಅಷ್ಟು ದೊಡ್ಡದು ಬೇಡ.”