ಒಲೆ ಆರಿಸಿದ್ಯಾ?

ಬೆಂಕಿಪೊಟ್ಟಣದಷ್ಟು ದೊಡ್ಡ ಬಿಳಿ ಡಬ್ಬಿಯೊಂದನ್ನು ಕಾಂಪೌಂಡರಮ್ಮನ ಎಡತೋಳಿಗೆ ಅಂಟಿಸಿ, ನರ್ಸ್ ಹುಡುಗಿ "ಆಯ್ತು ಆಂಟಿ, ಇನ್ನು ದಿನಾ ಚುಚ್ಚಿಸ್ಕೊಳ್ಳೋ ಕಾಟ ಇಲ್ಲ" ಎಂದಳು. ಇನ್ಸುಲಿನ್ ಈ ಡಬ್ಬಿಯೊಳಗೇ ಇರುತ್ತದೆ, ಊಟಕ್ಕೆ ಮುಂಚೆ ಎಷ್ಟು ಬೇಕೋ ಅಷ್ಟನ್ನು ಫೋನಿನಲ್ಲಿ ಒತ್ತಿದರೆ ತಾನಾಗಿ ಒಳಗಿಳಿಯುತ್ತದೆ, ಮೂರು ದಿನಕ್ಕೊಮ್ಮೆ ಡಬ್ಬಿ ಬದಲಿಸಿದರೆ ಮುಗಿಯಿತು ಎಂದು ವಿವರಿಸಿದಳು. ಪಕ್ಕದ ಕುರ್ಚಿಯಲ್ಲಿ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿ ಹಿಡಿದು ಕೂತಿದ್ದ ಕಾಂಪೌಂಡರಿಗೆ ಅದನ್ನು ಎಲ್ಲಿ ಒರೆಸಬೇಕೆಂದೇ ತಿಳಿಯಲಿಲ್ಲ. ಸ್ವಲ್ಪ ಹೊತ್ತು ನೋಡಿ, ಫೋನನ್ನೇ ಒರೆಸಿದರು.

"ಇದಕ್ಕೆ ಅದೆಲ್ಲ ಬೇಡ ಅಂಕಲ್," ಹುಡುಗಿ ನಕ್ಕಳು. "ಎರಡನೇ ಸಲ ರಿಟೈರ್ ಆದೆ ಅಂದ್ಕೊಳ್ಳಿ."

ಮೊದಲನೇ ಸಲ ರಿಟೈರ್ ಆಗುವ ತನಕ ಮೂವತ್ತೆಂಟು ವರ್ಷ ಆಸ್ಪತ್ರೆಯಲ್ಲಿ ಸೂಜಿ ಹಾಕಿದವರು ಅವರು. ಅವರು ಚುಚ್ಚಿದರೆ ಸೊಳ್ಳೆ ಕಚ್ಚಿದಷ್ಟೂ ಗೊತ್ತಾಗುವುದಿಲ್ಲವೆಂದು ಬೀದಿಯವರೆಲ್ಲ ಸೊಳ್ಳೆ ಕಾಂಪೌಂಡರ್ ಎಂದೇ ಕರೆಯುತ್ತಿದ್ದರು. ಆ ಕೈಗುಣದ ಗುಟ್ಟು ಅರ್ಧ ಕೈಯಲ್ಲಿ, ಇನ್ನರ್ಧ ಬಾಯಲ್ಲಿ. ಸೂಜಿ ಇಳಿಸುವ ಗಳಿಗೆಗೆ ಸರಿಯಾಗಿ ಒಂದು ಪ್ರಶ್ನೆ ಹಾಕುತ್ತಿದ್ದರು. ಅಂಗಡಿಯವನಿಗೆ ಬೀಗ ಹಾಕಿ ಬಂದ್ಯಾ ಎಂದು, ಶಾಲೆಯ ಮಕ್ಕಳಿಗೆ ಏಳೆಂಟಲೆ ಎಷ್ಟು ಎಂದು. ಅವರು ಉತ್ತರ ಹುಡುಕುವಷ್ಟರಲ್ಲಿ ಸೂಜಿ ಹೊರಗೆ ಬಂದಿರುತ್ತಿತ್ತು. ಹೆಂಡತಿಗೆ ಮಾತ್ರ ಹದಿನಾಲ್ಕು ವರ್ಷದಿಂದ, ದಿನಕ್ಕೆ ಎರಡು ಸಲ, ಒಂದೇ ಪ್ರಶ್ನೆ: ಒಲೆ ಆರಿಸಿದ್ಯಾ? ಇದು ಉಪಾಯವೆಂದು ಗೊತ್ತಿದ್ದೂ ಕಾಂಪೌಂಡರಮ್ಮ ಪ್ರತಿ ಸಲ ಅಡುಗೆಮನೆಯ ಕಡೆ ಕತ್ತು ತಿರುಗಿಸುತ್ತಿದ್ದರು.

ಗುರುತಿನ ಬೆರಳು ಇಟ್ಟ ಮೇಲಷ್ಟೇ ಫೋನು ಔಷಧಿ ಬಿಡುತ್ತದೆ, ಇನ್ನೊಬ್ಬರ ಗುರುತೂ ಇರಲಿ ಎಂದಳು ಹುಡುಗಿ. ಅಮ್ಮನ ಬೆರಳನ್ನು ಅದು ಒಂದೇ ಸಲಕ್ಕೆ ಒಪ್ಪಿತು. ಕಾಂಪೌಂಡರ ಹೆಬ್ಬೆರಳನ್ನು ಆರು ಸಲ ಇಟ್ಟರೂ ಗುರ್ ಎಂದು ನಡುಗಿ ಬೇಡವೆಂದಿತು. ಅಷ್ಟು ವರ್ಷ ಸ್ಪಿರಿಟ್ಟು, ಸಾಬೂನಿನಲ್ಲಿ ತೊಳೆದ ಬೆರಳಿನಲ್ಲಿ ಗೆರೆಯೇ ಉಳಿದಿರಲಿಲ್ಲ.

"ಇಡೀ ಬೀದಿ ನಂಬಿದ ಕೈ," ಎಂದರು ಕಾಂಪೌಂಡರಮ್ಮ. "ಇದೊಂದು ನಂಬಲ್ವಂತೆ."

ಮರುದಿನ ಸಂಜೆ ಏಳೂವರೆಗೆ ಕಾಂಪೌಂಡರ್ ಅಭ್ಯಾಸದಂತೆ ಸ್ಟೀಲ್ ಟ್ರೇ ಹಿಡಿದು ಬಂದರು. ಹೆಂಡತಿ ಆಗಲೇ ಫೋನ್ ಒತ್ತಿ ಊಟಕ್ಕೆ ಕೂತಾಗಿತ್ತು. ಎಷ್ಟು ಹಾಕಿಕೊಂಡೆ ಎಂದು ಕೇಳಿದರು. ಆರು ಎಂದು ಉತ್ತರ ಬಂತು. ಅಲ್ಲಿಗೆ ಸುಮ್ಮನಾಗಲು ಮನಸ್ಸು ಒಪ್ಪಲಿಲ್ಲ.

"ಗಾಳಿಗುಳ್ಳೆ ಇದೆಯಾ ನೋಡಿದ್ಯಾ?"

"ಫೋನಲ್ಲಿ ಗುಳ್ಳೆ ಎಲ್ಲಿಂದ ಬರುತ್ತೆ ರೀ?"

ಅವರು ಟ್ರೇ ಎತ್ತಿಕೊಂಡು ಹೋಗಿ ಅದನ್ನು ಉಜ್ಜತೊಡಗಿದರು. ದಿನವೂ ಅದೇ ಅವರ ಡ್ಯೂಟಿಯಾಯಿತು. ಟ್ರೇಯಲ್ಲಿ ಮುಖ ನೋಡಿ ಗಡ್ಡ ಹೆರೆಯಬಹುದಾಗಿತ್ತು.

ಮೂರನೇ ದಿನ ಹಾಲಿನ ಪಾತ್ರೆ ತಳ ಹಿಡಿಯಿತು. ಐದನೇ ದಿನ ಮೊಟ್ಟೆ ಬೇಯಲಿಟ್ಟ ನೀರೆಲ್ಲ ಬತ್ತಿ ಢಬ್ ಎಂದು ಸದ್ದಾಯಿತು. ಒಂದು ಚೂರು ಗೋಡೆಗೆ ಹಾರಿ ಅಂಟಿಕೊಂಡಿತ್ತು. ಮನೆಯಲ್ಲೇ ಕೂತಿರುವ ಮನುಷ್ಯನಿಗೆ ವಾಸನೆ ಬರಲಿಲ್ಲವೇ ಎಂದು ಕಾಂಪೌಂಡರಮ್ಮ ರೇಗಿದರು. "ನನ್ನ ಡಿಪಾರ್ಟ್‌ಮೆಂಟು ಇಂಜೆಕ್ಷನ್ನು. ಅದನ್ನ ಮುಚ್ಚಿದ್ದೀರಲ್ಲ" ಎಂದರು ಅವರು. ಅಮ್ಮ ನಗಲಿಲ್ಲ. ಸುಟ್ಟ ಪಾತ್ರೆ ತಿಕ್ಕುತ್ತ, ತಮ್ಮ ತಾಯಿಗೆ ಮರೆವು ಶುರುವಾದದ್ದೂ ಒಲೆಯಿಂದಲೇ ಎಂದು ಮೆಲ್ಲಗೆ ಹೇಳಿದರು. ಆ ರಾತ್ರಿ ಇಬ್ಬರೂ ಸರಿಯಾಗಿ ಊಟ ಮಾಡಲಿಲ್ಲ.

ವಾರ ಕಳೆದು ಬಂದ ನರ್ಸ್ ಹುಡುಗಿ ಫೋನಿನ ಲೆಕ್ಕ ನೋಡಿ, ಸಕ್ಕರೆ ಇಷ್ಟು ಚೆನ್ನಾಗಿ ಯಾವತ್ತೂ ಇರಲಿಲ್ಲವೆಂದು ಹೊಗಳಿದಳು. ಏನಾದರೂ ತೊಂದರೆ ಆಯಿತೇ ಎಂದು ಕೇಳಿದಳು. ಕಾಂಪೌಂಡರಮ್ಮ ಸಿಂಕಿನ ಪಕ್ಕ ಬೋರಲು ಹಾಕಿದ್ದ ಎರಡು ಕಪ್ಪು ಪಾತ್ರೆಗಳನ್ನು ನೋಡಿದರು. ಬಾಗಿಲ ಬಳಿ ಟ್ರೇ ಉಜ್ಜುತ್ತಿದ್ದ ಗಂಡನನ್ನು ನೋಡಿದರು. ಮತ್ತೆ ಪಾತ್ರೆಗಳನ್ನು ನೋಡಿದರು. ಅವರ ಮುಖ ನಿಧಾನವಾಗಿ ತಿಳಿಯಾಯಿತು.

"ಬೆರಳು ಒಪ್ಪದೆ ಇದ್ರೆ ಬೇರೆ ದಾರಿ ಇಲ್ವೇನಮ್ಮಾ?"

ನಾಲ್ಕು ಅಂಕಿಯ ಗುಟ್ಟಿನ ನಂಬರ್ ಒತ್ತಿದರೂ ನಡೆಯುತ್ತದೆ, ಆದರೆ ನಿಮ್ಮ ಬೆರಳನ್ನು ಒಪ್ಪುತ್ತಿದೆಯಲ್ಲ ಆಂಟಿ ಎಂದಳು ಹುಡುಗಿ. "ಚುಚ್ಚೋರು ಇಲ್ದೆ ನಮ್ಮನೇಲಿ ಒಲೆ ಆರಲ್ಲಮ್ಮಾ" ಎಂದರು ಅಮ್ಮ. ಹುಡುಗಿಗೆ ತಲೆಬುಡ ತಿಳಿಯಲಿಲ್ಲ. ನಂಬರ್ ಹಾಕಿಕೊಟ್ಟು ಹೋದಳು.

ಸಂಜೆ ಏಳೂವರೆಗೆ ಕಾಂಪೌಂಡರಮ್ಮ ಹಳೆಯ ಕುರ್ಚಿಯಲ್ಲಿ ಬಂದು ಕೂತು, ಫೋನನ್ನು ಟ್ರೇಯಲ್ಲಿಟ್ಟು, ನಂಬರ್ ಹೇಳಿ, "ಹಾಕಿ" ಎಂದರು. ಕಾಂಪೌಂಡರ್ ಮೊಣಕೈವರೆಗೆ ಸಾಬೂನು ಹಚ್ಚಿ ಕೈ ತೊಳೆದರು. ಹತ್ತಿ ಅದ್ದಿ ಫೋನ್ ಒರೆಸಿ, ಅದು ಪೂರ್ತಿ ಆರುವ ತನಕ ಕಾದರು. ಆರು ಎಂದು ಒತ್ತಿದರು, ಸರಿಯಾಗಿದೆಯೇ ಎಂದು ಎರಡು ಸಲ ನೋಡಿದರು, ನಾಲ್ಕು ಅಂಕಿ ಒತ್ತಿದರು. ಕೊನೆಯ ಗುಂಡಿಯ ಮೇಲೆ ಹೆಬ್ಬೆರಳು ಹಿಡಿದು, ಎತ್ತಲೋ ನೋಡುತ್ತ ಕೇಳಿದರು:

"ಒಲೆ ಆರಿಸಿದ್ಯಾ?"

ಅಮ್ಮ ಕತ್ತು ತಿರುಗಿಸಿದರು. ಹಾಲಿನ ಪಾತ್ರೆಯ ಕೆಳಗೆ ನೀಲಿ ಉರಿ ಇನ್ನೂ ಇತ್ತು. ಎದ್ದು ಹೋಗಿ ಆರಿಸಿ ಬರುವಷ್ಟರಲ್ಲಿ ಔಷಧಿ ಇಳಿದಾಗಿತ್ತು.

"ನೋವಾಯ್ತಾ?" ಎಂದರು ಕಾಂಪೌಂಡರ್.

ಕಾಂಪೌಂಡರಮ್ಮ ಟ್ರೇಯಿಂದ ಹತ್ತಿ ತೆಗೆದುಕೊಂಡು, ಡಬ್ಬಿ ಇಲ್ಲದ ಬಲತೋಳನ್ನು ಉಜ್ಜಿಕೊಳ್ಳುತ್ತ ಹೇಳಿದರು: "ಸೊಳ್ಳೆ ಕಚ್ಚಿದಷ್ಟೂ ಇಲ್ಲ."