ಭೂಗೋಳದ ಬೈಂಡು

ಗೋಂದಿನ ವಾಸನೆ ಮೂಗಿಗೆ ಬಂದರೆ ಈಗಲೂ ಮಸ್ಕತ್ತಿನ ಆ ಏಪ್ರಿಲ್ ಮಧ್ಯಾಹ್ನ ನೆನಪಾಗುತ್ತದೆ.

ಪಕ್ಕದ ಫ್ಲ್ಯಾಟಿನ ಜುಡಿತ್ ನನ್ನದೇ ಕ್ಲಾಸು. ಅವಳ ಪಪ್ಪನ ಜಪಾನಿ ಬಾಸ್ ಊರಿಗೆ ಮರಳುವಾಗ ಒಂದು ಚಿತ್ರ ಕೊಟ್ಟು ಹೋಗಿದ್ದರು. ಮರದ ಹಲಗೆಯಲ್ಲಿ ಕೆತ್ತಿ ಕಾಗದಕ್ಕೆ ಅಚ್ಚೊತ್ತಿದ್ದಂತೆ; ಸುರುಳಿ ಸುತ್ತಿ ಕಪಾಟಿನ ಮೇಲೆ ಇಟ್ಟಿದ್ದರು. ಬಿಲ್ಲಿನಂತೆ ಬಾಗಿದ ಸೇತುವೆ, ಅದರಡಿ ತುಂಬಿ ಹರಿಯುವ ನೀಲಿ ನೀರು. ಮಸ್ಕತ್ತಿನಲ್ಲಿ ನಾವು ಕಂಡ ಸೇತುವೆಗಳ ಕೆಳಗೆ ಬರೀ ಕಲ್ಲಿರುತ್ತಿತ್ತು.

"ಮುಟ್ಬೇಡ, ಅದು ನಮ್ದು" ಎಂದಿದ್ದಳು ಜುಡಿತ್. ನನ್ನ ಅಪ್ಪ ಆಫೀಸಿನಿಂದ ತರುತ್ತಿದ್ದದ್ದು ಪೆನ್ನು ಮಾತ್ರ.

ಅಂದು ಜುಡಿತ್ ಮಲಗಿದ್ದಳು. ಅವಳ ಅಮ್ಮ ಲೀನಾ ಆಂಟಿ ನೆಲದಲ್ಲಿ ಕೂತು ಹಳೇ ಕ್ಯಾಲೆಂಡರ್ ಹಾಳೆಗಳ ಬಿಳಿ ಮಗ್ಗುಲು ಹೊರಗೆ ಬರುವಂತೆ ಮಡಚಿ, ಗೋಂದು ಹಚ್ಚಿ, ನಮ್ಮಿಬ್ಬರ ಪುಸ್ತಕಗಳಿಗೂ ಬೈಂಡು ಹಾಕುತ್ತಿದ್ದರು.

"ಹಾಳೆ ಮುಗೀತಲ್ಲ ಮಾರಾಯ್ತಿ! ಜುಡಿತಳ ಭೂಗೋಳ ಒಂದು ಬಾಕಿ ಉಂಟು."

ನಾನು ಕಪಾಟಿನ ಮೇಲಿದ್ದ ಆ ಸುರುಳಿ ತಂದು, ಚಿತ್ರ ಕೆಳಗಾಗಿ ಹಾಸಿಕೊಟ್ಟೆ. "ಇದು ಹೋದ ವರ್ಷದ ಕ್ಯಾಲೆಂಡರ್ ಆಂಟಿ."

"ಒಳ್ಳೇ ಗಟ್ಟಿ ಕಾಗದ" ಎನ್ನುತ್ತ ಅವರು ಉಗುರಿನಿಂದ ಮಡಿಕೆ ತೀಡಿದರು. ಪುಸ್ತಕ ಮಗುಚಿದಾಗಲೇ ಮೇಲೆ ಸೇತುವೆ ಕಂಡದ್ದು.

ಸಂಜೆ ವಿಷಯ ತಿಳಿದ ಅಂಕಲ್ ಬೈಂಡು ಬಿಚ್ಚಿ ನೋಡಿದರು. ಮಡಿಕೆಗೆ ಸಿಕ್ಕಿ ಸೇತುವೆ ನಡುವಿಗೇ ಮುರಿದಿತ್ತು. "ನಾನೇ ನೋಡ್ಲಿಲ್ಲ" ಎಂದ ಆಂಟಿ ನನ್ನತ್ತ ಒಮ್ಮೆ ತಿರುಗಿದರು, ಅಷ್ಟೆ. ಅಂಕಲ್ ಹಾಳೆಯನ್ನು ಚಿತ್ರ ಹೊರಗಿರುವಂತೆಯೇ ಮತ್ತೆ ಪುಸ್ತಕಕ್ಕೆ ಸುತ್ತಿ, "ಖಲಾಸ್. ಇನ್ನು ಶಾಲೆಗೇ ತಗೊಂಡು ಹೋಗ್ಲಿ" ಎಂದರು.

ಮರುದಿನ ಕ್ಲಾಸಿಗೆ ಕ್ಲಾಸೇ ಜುಡಿತಳ ಭೂಗೋಳಕ್ಕೆ ಮುತ್ತಿಕೊಂಡಿತು. ಅವಳು ಎಲ್ಲರನ್ನೂ ಸರಿಸಿ ಪುಸ್ತಕವನ್ನು ನನ್ನ ಮುಂದೆ ಹಿಡಿದಳು.

"ನೀನು ಮೊದ್ಲು ಮುಟ್ಟು."

ನಾನು ಕೈಗಳನ್ನು ಡೆಸ್ಕಿನ ಕೆಳಗೇ ಇಟ್ಟುಕೊಂಡೆ.