ಸೊನ್ನೆ ದೂರು

ಕಂಪ್ಯೂಟರ್ ಕೊಟ್ಟ ಉತ್ತರವನ್ನು ಗಣಿತದ ಮೇಷ್ಟ್ರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. ವಿಶ್ವವಿದ್ಯಾಲಯಕ್ಕೆ ಬರುವ ದೂರುಗಳು ಅತಿ ಕಡಿಮೆಯಾಗಬೇಕಾದರೆ ವಿದ್ಯಾರ್ಥಿಗಳು ಎಷ್ಟು ಜನ ಇರಬೇಕು? ಸೊನ್ನೆ.

ಲೆಕ್ಕವೇನೋ ಸರಿಯಾಗಿಯೇ ಇತ್ತು. ವಿಶ್ವವಿದ್ಯಾಲಯವೆಂದ ಮೇಲೆ ವಿದ್ಯಾರ್ಥಿಗಳು ಇರಲೇಬೇಕು ಎಂಬ ಒಂದು ನಿಬಂಧನೆ ಹಾಕುವುದನ್ನು ಮೇಷ್ಟ್ರು ಮರೆತಿದ್ದರು. ಇದನ್ನೆಲ್ಲ ಯಾರಾದರೂ ಬರೆದು ತಿಳಿಸುತ್ತಾರೆಯೇ? ಆದರೆ ಬರೆಯದೆ ಯಂತ್ರಕ್ಕೆ ತಿಳಿಯುವುದಿಲ್ಲ. ಅಷ್ಟರಲ್ಲಿ ವರದಿ ನೇರವಾಗಿ ಕುಲಸಚಿವರ ಕೋಣೆಯ ಪ್ರಿಂಟರಿನಿಂದ ಹೊರಬಿದ್ದಿತ್ತು.

ಯಾವುದನ್ನಾದರೂ ಎಷ್ಟರಮಟ್ಟಿಗೆ ಕಡಿಮೆ ಮಾಡಬಹುದು ಎಂದು ಲೆಕ್ಕ ಹಾಕಿ ಹುಡುಕುವುದೇ ಈ ಮೇಷ್ಟ್ರ ವಿದ್ಯೆ. ಅದಕ್ಕೇ ವಿದ್ಯಾರ್ಥಿಗಳು ಅವರಿಗೆ ‘ಕನಿಷ್ಠ ಮೇಷ್ಟ್ರು’ ಎಂದು ಹೆಸರಿಟ್ಟಿದ್ದರು. ಹದಿನೇಳು ವರ್ಷದಿಂದ ಬಡ್ತಿಯಿಲ್ಲದೆ ಒಂದೇ ಕುರ್ಚಿಯಲ್ಲಿ ಬೇರುಬಿಟ್ಟವರಿಗೆ ಆ ಹೆಸರು ಎರಡೂ ಅರ್ಥದಲ್ಲಿ ಚುಚ್ಚುತ್ತಿತ್ತು. ದೂರು ಇಳಿಸಿಕೊಟ್ಟರೆ ಪ್ರೊಫೆಸರ್ ಹುದ್ದೆ ಖಂಡಿತ ಎಂದು ಕುಲಸಚಿವರು ಮಾತು ಕೊಟ್ಟಿದ್ದರು. ಹೆಂಡತಿ ಆಗಲೇ ಮನೆ ಬಾಗಿಲಿನ ಹೊಸ ಫಲಕಕ್ಕೆ ಅಳತೆ ತೆಗೆದಿಟ್ಟಿದ್ದಳು.

ಮೇಷ್ಟ್ರು ಮೆಟ್ಟಿಲು ಹತ್ತಿ ಓಡಿದರು. ಕುಲಸಚಿವರು ವರದಿಯನ್ನು ಮೂರನೆಯ ಸಲ ಓದುತ್ತಿದ್ದರು, ಮುಖ ಅರಳಿತ್ತು.

“ತಪ್ಪಾಗಿದೆ ಸಾರ್. ಒಂದು ನಿಬಂಧನೆ ಬಿಟ್ಟುಹೋಗಿದೆ.”

“ಅದನ್ನ ಸೇರಿಸಿದ್ರೆ ದೂರು ಜಾಸ್ತಿ ಆಗುತ್ತಾ, ಕಡಿಮೆ ಆಗುತ್ತಾ?”

“ಜಾಸ್ತಿ ಆಗುತ್ತೆ.”

“ಮತ್ತೆ? ನಿಮ್ಮ ವಿದ್ಯೆ ಪ್ರಕಾರ ಅದು ಕೆಟ್ಟ ಉತ್ತರ ತಾನೆ?”

ಗಣಿತದ ಪ್ರಕಾರ ಇದಕ್ಕೆ ಎದುರಾಡುವಂತಿರಲಿಲ್ಲ. ಹಾಸ್ಟೆಲಿನ ನಲ್ಲಿ, ಪರೀಕ್ಷೆಯ ಫಲಿತಾಂಶ, ಗ್ರಂಥಾಲಯದ ಫ್ಯಾನು, ಯಾವ ದೂರಿನ ಬುಡ ಕೆದಕಿದರೂ ಅಲ್ಲೊಬ್ಬ ವಿದ್ಯಾರ್ಥಿ ಇದ್ದೇ ಇರುತ್ತಾನೆ ಎಂದು ಕುಲಸಚಿವರು ಬೆರಳು ಮಡಚಿ ಹೇಳಿದರು. ಆಮೇಲೆ ಬಡ್ತಿಯ ಆದೇಶವನ್ನು ಮೇಷ್ಟ್ರ ಮುಂದಕ್ಕೆ ಸರಿಸಿ, ಮೊದಲು ವರದಿಗೆ ಸಹಿ ಮಾಡಲು ಪೆನ್ನು ಕೊಟ್ಟರು. ಮೇಷ್ಟ್ರಿಗೆ ನಾಚಿಕೆಯಾಯಿತು. ಆದರೂ ಹೆಂಡತಿಯ ಮುಖ ನೆನೆದು ಸಹಿ ಹಾಕಿಯೇಬಿಟ್ಟರು.

ಆ ವರ್ಷ ಪ್ರವೇಶ ನಿಲ್ಲಿಸಿದರು. ಇದ್ದವರನ್ನೆಲ್ಲ ಬೇರೆ ಕಡೆ ಸಾಗಹಾಕಿದರು. ಸಂಶೋಧನೆಯ ಪೇಪರ್ ಬರೆಯಲು ಬಿಡುವು ಸಿಕ್ಕಿತೆಂದು ಉಳಿದ ಮೇಷ್ಟ್ರುಗಳು ಹಿಗ್ಗಿದರು. ಗುಮಾಸ್ತರು ದಿನಾ ದೂರಿನ ಪೆಟ್ಟಿಗೆ ತೆರೆದು, ‘ಇಲ್ಲ’ ಎಂದು ಬರೆದು, ಬೀಗ ಹಾಕುತ್ತಿದ್ದರು.

ಈಗ ಪ್ರೊಫೆಸರ್ ಆಗಿದ್ದ ಕನಿಷ್ಠ ಮೇಷ್ಟ್ರು ಮಾತ್ರ ಹತ್ತು ಗಂಟೆಗೆ ಸರಿಯಾಗಿ ತರಗತಿಗೆ ಹೋಗಿ, ಬೋರ್ಡು ತುಂಬ ಬರೆದು, ತಿರುಗಿ “ಅರ್ಥ ಆಯ್ತಾ?” ಎಂದು ಬೆಂಚುಗಳನ್ನು ಕೇಳುತ್ತಿದ್ದರು. ಮೂಲೆಯಲ್ಲಿ ಕೂತು ಅವರ ತಪ್ಪುಗಳನ್ನೇ ಹೆಕ್ಕುತ್ತಿದ್ದ ತರಲೆ ಹುಡುಗಿಯ ನೆನಪಾಗಿ ಕಣ್ಣು ಆ ಮೂಲೆಗೇ ಹೋಗುತ್ತಿತ್ತು. ಒಂದು ದಿನ ಮೈನಸ್ ಚಿಹ್ನೆ ಬಿಟ್ಟು ಬರೆದದ್ದು ಪಾಠ ಮುಗಿಯುವವರೆಗೂ ಅವರ ಗಮನಕ್ಕೇ ಬರಲಿಲ್ಲ. ಇನ್ನು ತಡೆಯಲಾಗಲಿಲ್ಲ. ಪಾಠ ಕೇಳಲು ಒಬ್ಬರಾದರೂ ಬೇಕು ಎಂದು ಚೀಟಿ ಬರೆದು ದೂರಿನ ಪೆಟ್ಟಿಗೆಗೆ ಹಾಕಿಬಂದರು.

ಮರುದಿನವೇ ಕರೆ ಬಂತು. ಕುಲಸಚಿವರು ಎದ್ದು ನಿಂತು ಬರಮಾಡಿಕೊಂಡರು, ಕುರ್ಚಿ ಎಳೆದು ಕೂರಿಸಿದರು, ಮನೆಯವರ ಕ್ಷೇಮ ವಿಚಾರಿಸಿದರು. ಆಮೇಲೆ ಚೀಟಿಯನ್ನು ಮೆಲ್ಲಗೆ ಅವರ ಮುಂದಿಟ್ಟರು.

“ಇಡೀ ವಿಶ್ವವಿದ್ಯಾಲಯದಲ್ಲಿ ಈಗ ಇರೋದು ಇದೊಂದೇ ದೂರು, ಪ್ರೊಫೆಸರ್. ಇದನ್ನೂ ಸೊನ್ನೆ ಮಾಡೋದು ಹೇಗೆ ಅಂತ ನೀವೇ ಒಂದು ಲೆಕ್ಕ ಹಾಕಿಕೊಡಿ.”